ಸೊನ್ನೆ ಬರೆಯುವವಳು

ತಿಂಗಳ ಕೊನೆಯ ಗುರುವಾರ ನನ್ನ ಬೈಕು
ಶಾರಿ ನದಿಯ ದಂಡೆಯ ಮರಳಲ್ಲಿ ಹೂತು, ಎದ್ದು,
ಹದಿನಾಲ್ಕು ಊರು ಸುತ್ತುತ್ತದೆ.
ನನ್ನ ಕೆಲಸ ಇಷ್ಟೇ:
ಸೊನ್ನೆಗಳನ್ನು ಒಟ್ಟುಮಾಡಿ ಪಟ್ಟಣಕ್ಕೆ ಒಯ್ಯುವುದು.
ಹೊರೆಯಿಲ್ಲದ ಹೊರೆ, ಎಂದು ಹೆಂಡತಿ ನಗುತ್ತಾಳೆ.

ದೊಂಬಾಯಾ ಊರಿನ ಸೊನ್ನೆ ನೆಲೂಮ್ತಾಳದು.
ಕೊರಳಲ್ಲಿ ದಾರಕ್ಕೆ ಕಟ್ಟಿದ ಸೋಸುಕೊಳವೆ,
ಹೆಗಲಲ್ಲಿ ಸೋಸುಬಟ್ಟೆಯ ಗಂಟು.
ಕೊಡದ ಬಾಯಿಗೆ ಬಟ್ಟೆ ಬಿಗಿದಿದೆಯೇ,
ಮೀನಿನ ಕರುಳನ್ನು ಮಣ್ಣಲ್ಲಿ ಹೂತರೇ, ನಾಯಿಗೆ ಎಸೆದರೇ,
ಯಾರ ಕಾಲು ಬಾತಿದೆ, ಯಾರು ಕುಂಟುತ್ತಿದ್ದಾರೆ,
ಕುಂಟುವುದು ಮುಳ್ಳಿಗೋ ಸುಳ್ಳಿಗೋ,
ಎಲ್ಲ ಮೂಗು ತೂರಿಸಿ ನೋಡುವಳು.
ಊರು ಅವಳಿಗಿಟ್ಟ ಹೆಸರೂ 'ಮೂಗು'.

ಶಾಲೆಯ ಮುಖ ಕಂಡವಳಲ್ಲ.
ಬರೆಯಲು ಬರುವುದು ಒಂದೇ ಅಂಕಿ.
ಅದನ್ನು ಕಲಿಸಿದವನು ನಾನೇ, ಎಂಟು ವರ್ಷದ ಹಿಂದೆ,
ಮಾವಿನ ಮರದ ಬುಡದಲ್ಲಿ:
ಕೊಡದ ಬಾಯಿ ನೆನೆಸಿಕೋ, ಸುತ್ತಿ ಬಂದು ಮುಟ್ಟು.
ಅಂದಿನಿಂದ ಪುಸ್ತಕದ ತುಂಬ
ಕೊಡ, ಕೊಡ, ಕೊಡ.
ಕೆಲವು ಸೊಟ್ಟ, ಸುಗ್ಗಿಯ ತಿಂಗಳದು ಕೊಂಚ ದಪ್ಪ,
ಗಂಡ ಸತ್ತ ತಿಂಗಳದು ಮುಚ್ಚಿಕೊಂಡಿಲ್ಲ,
ಬಾಯಿ ತೆರೆದೇ ಇದೆ.

ಪಟ್ಟಣದ ಡಾಕ್ಟರು ಪುಟ ತಿರುವಿ ಹೇಳುವರು:
ಏನೂ ಆಗಿಲ್ಲವಲ್ಲ, ಒಳ್ಳೆಯದು.
ಏನೂ ಆಗದಿರಲು ಎಷ್ಟೆಲ್ಲ ಆಗಬೇಕೆಂದು
ಯಾವ ಕಾಲಮ್ಮಿನಲ್ಲಿ ಬರೆಯಲಿ?

ಅವಳ ಹಿಮ್ಮಡಿಯ ಮೇಲೆ ಕಾಸಿನಗಲ ಕಲೆ.
ಒಂಬತ್ತರ ವಯಸ್ಸಿಗೆ ಅಲ್ಲಿಂದ ನಾರುಹುಣ್ಣಿನ ಹುಳ ಇಣುಕಿತ್ತಂತೆ,
ನೋಡಲು ಬೆಂದ ಶಾವಿಗೆ, ಒಳಗೆ ಕೆಂಡ.
ಅಮ್ಮ ಕಡ್ಡಿಗೆ ಅದರ ತುದಿ ಸುತ್ತಿ
ದಿನಕ್ಕೆ ಎರಡು ಬೆರಳು, ಎರಡೇ ಬೆರಳು.
ಎಳೆದರೆ ಹರಿಯುತ್ತದೆ, ಹರಿದರೆ ಒಳಗೇ ಕೊಳೆಯುತ್ತದೆ.
ಮೂವತ್ತೊಂದು ದಿನ.
ಆ ವರ್ಷ ಊರಲ್ಲಿ ಜೋಳ ಬಿತ್ತಲಿಲ್ಲ,
ಬಿತ್ತಬೇಕಾದ ಕಾಲುಗಳೆಲ್ಲ ಚಾಪೆಯ ಮೇಲಿದ್ದವು.
'ಹುಳಕ್ಕೆ ಸಿಟ್ಟು ಬರಿಸಬಾರದು,' ಅನ್ನುತ್ತಾಳೆ,
'ಹೊಸ ಸೊಸೆಯನ್ನು ಮಾತಿಗೆಳೆದಂತೆ, ಮೆಲ್ಲಗೆ.'

ಈ ಗುರುವಾರ ಪುಸ್ತಕ ಮಡಿಲಲ್ಲೇ ಇತ್ತು. ಕೊಡಲಿಲ್ಲ.
ಗುಡಿಸಲ ಹಿಂದಕ್ಕೆ ಕರೆದೊಯ್ದಳು.
ಬೇವಿನ ಮರಕ್ಕೆ ಸರಪಳಿ, ಸರಪಳಿಗೆ ಅವಳದೇ ನಾಯಿ.
ಮುಂಗಾಲಿಂದ ಬಿಳಿಯ ಎಳೆಯೊಂದು
ಸುಮ್ಮನೆ ಇಳಿಬಿದ್ದಿತ್ತು, ಅಂಗಿಯ ಹೊಲಿಗೆ ಬಿಚ್ಚಿದಂತೆ.

ಪಕ್ಕದ ಮನೆಯ ದೆನೆಮಾಜಿಯೊಡನೆ
ಮಾತು ಬಿಟ್ಟ ವರ್ಷ ಹುಟ್ಟಿದ ನಾಯಿ;
ಅವಳಿಗೆ ಕೇಳಲೆಂದೇ ಇಟ್ಟ ಹೆಸರು 'ಆಡಿಕೊಳ್ಳಲಿ'.
ದಿನಕ್ಕೆ ಹತ್ತು ಸಲ ಅಂಗಳದಲ್ಲಿ ನಿಂತು
'ಆಡಿಕೊಳ್ಳಲೀ! ಆಡಿಕೊಳ್ಳಲೀ!'

ಬಿಚ್ಚಿ ಹೊಲದ ಕಡೆ ಅಟ್ಟಬಹುದಿತ್ತು.
ಯಾರೂ ನೋಡಿರಲಿಲ್ಲ.
ಹೇಳಿದರೆ ಮಾನ, ಹೇಳದಿದ್ದರೆ ಕೆರೆ.
ಉರಿ ತಾಳದೆ ನಾಯಿ ಒಮ್ಮೆ ನೀರಿಗಿಳಿದರೂ ಸಾಕು,
ಬರುವ ವರ್ಷ ಬಿತ್ತುವ ಹೊತ್ತಿಗೆ ಮತ್ತೆ ಚಾಪೆಗಳು.

'ನೀನೇ ಬರಿ,' ಅಂದಳು, 'ನನಗೆ ಬರುವುದಿಲ್ಲ ಆ ಅಂಕಿ.'
ನಾನು ಬರೆಯಲಿಲ್ಲ. ಮಣ್ಣಲ್ಲಿ ಗೀಚಿ ತೋರಿಸಿದೆ:
ಸುತ್ತುವುದು ಬೇಡ. ನೆಟ್ಟಗೊಂದು ಗೆರೆ.
ಬಹಳ ಹೊತ್ತು ನೋಡಿದಳು.
'ಅಮ್ಮನ ಕಡ್ಡಿ,' ಅಂದು ಪೆನ್ನು ಒತ್ತಿದಳು,
ಕೆಳಗಿನ ಮೂರು ಹಾಳೆಗೂ ಅಚ್ಚು ಬೀಳುವಂತೆ.

ಬೈಕು ಒದೆಯುವಾಗ ಬೇಲಿ ದಾಟಿ ಬಂದಳು ದೆನೆಮಾಜಿ,
ಕೈಯಲ್ಲಿ ಗಂಜಿಯ ತಟ್ಟೆ.
ಇವತ್ತಿನಿಂದ ಕೆರೆಗೆ ಕಾವಲು ಕೂರಬೇಕಲ್ಲ 'ಮೂಗು',
ನಾಯಿಗೆ ಯಾರು ಹಾಕಬೇಕು ಕೂಳು?
ನಾಯಿ ತಲೆ ಎತ್ತಲಿಲ್ಲ.
ಚ್ಚು ಚ್ಚು ಅಂದಳು. ಕಿವಿಯೂ ಅಲ್ಲಾಡಲಿಲ್ಲ.
ಅತ್ತಿತ್ತ ನೋಡಿದಳು, ನನ್ನನ್ನೂ ಒಮ್ಮೆ ನೋಡಿದಳು,
ಗಂಟಲು ಸರಿಮಾಡಿಕೊಂಡು, ಬೇರೆ ದಾರಿಯಿಲ್ಲದೆ,
ಹೆಸರು ಹಿಡಿದು ಕರೆದಳು.