ಇಳಿಯುವುದು

ಎಲ್ರಾಯ್ ಎಂಬ ಹೆಸರಿನ ಚೀಟಿ
ಹ್ಯಾಂಡಲ್ಲಿನ ಕೆಳಗೆ ಇನ್ನೂ ಅಂಟಿಕೊಂಡಿದೆ.
ವೀಸಾ ರದ್ದಾಗಿ ಹೊರಟ ಮೂರನೇ ಮಹಡಿಯವರು
ಫ್ರಿಜ್ಜಿನ ಜೊತೆಗೆ ಮಾರಿದ ಸೈಕಲ್ಲು.
ಹತ್ತು ರಿಯಾಲ್, ಪಂಪು ಬಿಟ್ಟಿ.

ಶುಕ್ರವಾರ. ಬಿಸಿಲು ಗುಡ್ಡ ದಾಟುವ ಮೊದಲೇ
ರೂವಿಯ ಒಣ ವಾದಿಗೆ ಇಳಿಯುತ್ತೇವೆ.
ಇದು ಹೊಳೆ ಎಂದರೆ ನುಹಾ ನಗುತ್ತಾಳೆ:
"ನೀರೆಲ್ಲಿ?"
ಬರುತ್ತದೆ ಮಗಳೇ. ಬಂದ ದಿನ
ಕಾರುಗಳನ್ನೇ ಎತ್ತಿಕೊಂಡು ಹೋಗುತ್ತದೆ.
ಸದ್ಯಕ್ಕೆ ಇಲ್ಲಿ ಪಠಾಣರ ಕ್ರಿಕೆಟ್ಟು,
ಎಲ್ ಬೋರ್ಡಿನ ಒಂದು ಅಂಜುಬುರುಕ ಕಾರು,
ನಾವು.

ಮುಂದೆ ನೋಡು, ಚಕ್ರ ನೋಡಬೇಡ.
ಭುಜ ಸಡಿಲ ಬಿಡು. ತುಳಿ, ತುಳಿ.
ಸೀಟಿನಡಿ ನನ್ನ ಬೆರಳು, ಬೆನ್ನು ಬಿಲ್ಲು,
ಚಪ್ಪಲಿಯ ಉಂಗುಟ ಆಗಲೇ ಕಿತ್ತಿದೆ.
"ಹಿಡ್ಕೊಂಡಿದ್ದೀಯಾ ಅಬ್ಬಾ?"
ಹಿಡ್ಕೊಂಡಿದ್ದೀನಿ.
ವಾರವಿಡೀ ಎಸಿ ಡಕ್ಟಿನೊಳಗೆ ಮಡಚಿಟ್ಟ ಮೊಣಕಾಲು
ಇಷ್ಟು ಓಡೀತೆಂದು ನನಗೇ ಗೊತ್ತಿರಲಿಲ್ಲ.
"ಹಿಡ್ಕೊಂಡಿದ್ದೀಯಾ?"
ದನಿ ದೂರದಿಂದ ಬಂತು.

ಎಲ್ ಬೋರ್ಡಿನ ಕಾರು ನಿಂತು ದಾರಿ ಕೊಟ್ಟಿತು.
ಬೌಂಡರಿಯ ಹುಡುಗ ಕೈಯಲ್ಲಿ ಚೆಂಡಿದ್ದೂ
ಎಸೆಯುವುದು ಮರೆತ.
ಅತ್ತ ತಿರುವಿನಿಂದ ಅವಳ ಕೂಗು:
"ಅಬ್ಬಾ, ಇಳಿಯೋದು ಹೇಗೆ?"

ಅದನ್ನು ಹೇಳಿಕೊಟ್ಟೇ ಇರಲಿಲ್ಲ.
ನಾನು ಕಲಿತದ್ದು ತೊಕ್ಕೊಟ್ಟಿನ ಬಾಡಿಗೆ ಸೈಕಲ್ಲಿನಲ್ಲಿ;
ಬೀಡಿ ಬ್ರಾಂಚಿನ ಕಟ್ಟೆಗೆ ಗುದ್ದುತ್ತಿದ್ದೆ,
ಅದೇ ಇಳಿಯುವುದು.

ಎರಡು ವರ್ಷಕ್ಕೆಂದು ಇಲ್ಲಿಗೆ ಬಂದವನು
ಹದಿನಾಲ್ಕನೆಯದರಲ್ಲಿ, ಒಂದು ಕಾಲಿಗೆ ಚಪ್ಪಲಿಯಿಲ್ಲದೆ ನಿಂತು
ಕೈ ಬೀಸುತ್ತೇನೆ:
ಇನ್ನೊಂದು ಸುತ್ತು ಹಾಕು ನುಹಾ,
ಅಷ್ಟರಲ್ಲಿ ಹೇಳುತ್ತೇನೆ.