ಹನ್ನೊಂದನೇ ಮುದ್ರಣ

ಪುಸ್ತಕದ ಹೆಸರು ಹೇಳುವುದಿಲ್ಲ.
ನೀವೂ ಓದಿರುತ್ತೀರಿ, ಓದಿ
ಯಾರಿಗೂ ಹೇಳಿರುವುದಿಲ್ಲ.

ದುರ್ಗದ ಸಂತೇಪೇಟೆಯಲ್ಲಿ ನನ್ನದೊಂದು ಬಾಡಿಗೆ ವಾಚನಾಲಯ.
ದಿನಕ್ಕೆ ಐದು ರೂಪಾಯಿ, ತಡವಾದರೆ ಎಂಟು.
ಆ ಒಂದು ಪುಸ್ತಕಕ್ಕೇ ನೋಟುಬುಕ್ಕಿನಲ್ಲಿ ಎರಡು ಪುಟ ಸರದಿ,
ಸೀತಾಫಲದ ಕಾಲದಲ್ಲಿ ಹೆಸರು ಬರೆಸಿದವರಿಗೆ
ಯುಗಾದಿ ಹೊತ್ತಿಗೆ ಕೈಗೆ ಸಿಕ್ಕರೆ ಪುಣ್ಯ.

ಕಂಪೌಂಡರ್ ಮುರಿಗೆಪ್ಪ ಮೂರು ರಾತ್ರಿ ನಿದ್ದೆಗೆಟ್ಟು
ತಂದು ಮೇಜಿನ ಮೇಲಿಟ್ಟ, ಸತ್ತ ಹಲ್ಲಿಯನ್ನು
ಬಾಲ ಹಿಡಿದು ತಂದ ಹಾಗೆ.
'ಹೆಂಗಿತ್ತು?' ಅಂದೆ.
ಬಾಗಿಲಲ್ಲಿ ಪಾಲಯ್ಯ ಮೇಷ್ಟ್ರು, ಮುಂದಿನ ಸರದಿ.
ಅವರನ್ನೊಮ್ಮೆ ನೋಡಿ ಮುರಿಗೆಪ್ಪ ಹೇಳಿದ:
'ಭಾಳ ಚೆನ್ನಾಗೈತೆ. ಓದ್ಲೇಬೇಕು.'

ಕೆಟ್ಟ ಜನ ಅಂದುಕೊಳ್ಳಬೇಡಿ.
ಕೋಟೆ ಹತ್ತುವಾಗ ಗುರುತಿಲ್ಲದವರಿಗೂ ಕೈ ಕೊಡುತ್ತಾರೆ,
ಕಲ್ಲು ಕಾದೈತೆ, ಚಪ್ಪಲಿ ಬಿಡಬೇಡಿ ಅನ್ನುತ್ತಾರೆ.
ಪುಸ್ತಕದ ವಿಷಯ ಬೇರೆ.
ಊರೆಲ್ಲ ಅತ್ತ ಪುಟದಲ್ಲಿ ತನಗೆ ಆಕಳಿಕೆ ಬಂತೆಂದು
ಮೊದಲು ಒಪ್ಪಿಕೊಳ್ಳುವವರು ಯಾರು?

ಮೇಷ್ಟ್ರು ಮಾತ್ರ ನೂರಾ ಹನ್ನೆರಡನೇ ಪುಟದ ಅಂಚಿಗೆ
ಪೆನ್ಸಿಲಲ್ಲಿ ಬರೆದರು: 'ಇಲ್ಲಿಗೆ ನಿಲ್ಲಿಸಬಹುದು.'
ಅದರ ಕೆಳಗೆ ಬೇರೆ ಬೇರೆ ಕೈಬರಹ,
'ಹೌದು', 'ಹೌದು', 'ಒಂದನೇ ಪುಟದಲ್ಲಿ ಬರೆಯಬಾರದಾ ಸ್ವಾಮಿ'.
ಎಲ್ಲರೂ ಮುನ್ನೂರ ತೊಂಬತ್ತನ್ನು ಮುಟ್ಟಿ ಬಂದವರೇ.

ಆಮೇಲೆ ಟೈಲರ್ ನೂರ್‌ಜಾನ್.
ಇಪ್ಪತ್ತು ದಿನ ತಡ. ಬಂದಾಗ ಕೈ ಖಾಲಿ.
'ಕಳೆದುಹೋಯ್ತು ಅಂತ ಬರ್ಕೊಳ್ರಿ.'
ಪೂರ್ತಿ ಬೆಲೆ ಎಣಿಸಿಟ್ಟಳು,
ಎಲ್ಲ ಹತ್ತರ ನೋಟು, ಅಲ್ಲಲ್ಲಿ ನೂಲಿನ ಎಳೆ.

'ಅದರಾಗೆ ಅವಳು ಕ್ಷಮಿಸೀನಿ ಅಂತ ಗಂಡನಿಗೆ ಕಾಗದ ಬರೀತಾಳಲ್ಲ,
ನಾನೂ ಬರೆದೆ. ಏಳು ವರ್ಷದ ಮೇಲೆ. ಅವಳ ಮಾತಲ್ಲೇ.'
ಉತ್ತರ ಬರಲಿಲ್ಲವಾ?
'ಇಲ್ಲ. ಅವನೇ ಬಂದ.'

ಹೊಳಲ್ಕೆರೆ ಬಸ್ಸು ಹಾರ್ನ್ ಹೊಡೆದು ಹೋಗುವ ತನಕ
ಇಬ್ಬರೂ ಸುಮ್ಮನಿದ್ದೆವು.

'ಪುಸ್ತಕದಾಗೆ, ಅಕ್ಕಾ, ಅವನು ಬಾಗಿಲು ತಟ್ಟಿದ ಕೂಡಲೇ ಮುಗೀತದೆ.
ಇವನು ಒಳಗೆ ಬಂದು ಕೂತವ್ನೆ.
ಮಷೀನು ಮಾರಿದರೆ ಎಷ್ಟು ಬರ್ತದೆ ಅಂತಾನೆ.'

ಹಬ್ಬಕ್ಕೆ ಹೊಲಿಯಕೊಟ್ಟ ರವಿಕೆ ತರಲು ಹೋದಾಗ ಕಂಡೆ:
ತೋಳಿನ ಅಳತೆಗೆ, ಕೊರಳ ಪಟ್ಟಿಗೆ ಕತ್ತರಿಸಿದ ಹಾಳೆಗಳು
ಮೊಳೆಗೆ ಚುಚ್ಚಿದ್ದವು. ಮಷೀನು ಇನ್ನೂ ಇತ್ತು.
ಒಂದು ಹಾಳೆಯ ಅಂಚಲ್ಲಿ ಮೇಷ್ಟ್ರ ಪೆನ್ಸಿಲು,
ಕತ್ತರಿ ಉಳಿಸಿದಷ್ಟು: 'ಇಲ್ಲಿಗೆ ನಿಲ್ಲಿ'

ಇನ್ನೊಂದು ಪ್ರತಿ ತರಿಸಿದ್ದೇನೆ. ಹನ್ನೊಂದನೇ ಮುದ್ರಣ,
ಮುಖಪುಟ ಹೊಸದು, ಬಾಗಿಲು ಅದೇ.
ನಾನು ಎರಡು ಸಲ ಓದಿದೆ, ಯಾಕೆಂದು ಕೇಳಬೇಡಿ.
ಸರದಿಯಲ್ಲಿ ನೀವು ಮೂವತ್ತೊಂದನೆಯವರು.
ಅಡ್ವಾನ್ಸು ಐದು ರೂಪಾಯಿ ಇಡಿ,
ಹೆಸರು ಹೇಳಿ.