ಒಂದೇ ಕೈ

ಬೆಳಗಾವಿ ಕೋರ್ಟಿನ ಎದುರು, ಝೆರಾಕ್ಸ್ ಅಂಗಡಿಯ ಮಗ್ಗುಲಿಗೆ
ನನ್ನ ಮೇಜು. ಮೋಡಿ ಓದಿಕೊಡುತ್ತೇನೆ,
ಪುಟಕ್ಕೆ ಮುನ್ನೂರು. ಹರಿದಿದ್ದರೆ ಐವತ್ತು ಹೆಚ್ಚು.
ಮೊದಲು ಗೆರೆ ಎಳೆದು, ಗೆರೆಗೆ ಅಕ್ಷರ ನೇತುಹಾಕಿ
ಬೋರು ಎತ್ತದೆ ಓಡುವ ಲಿಪಿ ಅದು.
ಅರ್ಥಕ್ಕಿಂತ ಮುಂಚೆ ನನಗೆ ಕೈ ಗುರುತಾಗುತ್ತದೆ:
ಉಂಡು ಕೂತ ಕೈ, ಅಂಜಿದ ಕೈ.

ಹೋದ ಸೋಮವಾರ ಒಬ್ಬ ಹೆಣ್ಣುಮಗಳು
ಸಕ್ಕರೆ ಚೀಲದಲ್ಲಿ ಎರಡು ಕಟ್ಟು ತಂದಳು.

ಮೊದಲನೆಯದು ಗಢದ್ದು.
ಗುಂಡೋಪಂತ ತೊರಗಲ್ಲ, ಧಣಿಯ ಬಲಗೈಗೆ ಬಲಗೈ.
ಒಂದು ಗುಂಡೂ ಹಾರಿಸಿದವನಲ್ಲ. ಆದರೂ
ದಂಗೆಯೆಲ್ಲ ಅವನ ಮಸಿಯಲ್ಲೇ ನಡೆದಿದೆ:
ಕುದುರೆಗೆ ಹುರುಳಿ ಎಷ್ಟು, ಮದ್ದು ಎಷ್ಟು ಮಣ,
ಬುರುಜಿನ ಕಲ್ಲು ಹೊರಲು ಊರಿಗೆ ಹತ್ತಾಳು ಬಿಟ್ಟಿ,
ಬಾರದವನ ಎತ್ತು ಹೊಡಕೊಂಡು ಬರತಕ್ಕದ್ದು.
ಅಲುಗದ ಸಾಲು. ರಕಾರದ ಬಾಲ ಮಾತ್ರ
ಬೇಟೆನಾಯಿಯದರ ಹಾಗೆ ಮೇಲಕ್ಕೆ.

ಕಡೆಯ ಚೀಟಿ ಅಂಗೈಯಗಲ.
‘ಓಲೆ ಒಯ್ಯುವ ಜಟ್ಟೆಪ್ಪನಿಗೆ ನಾಲ್ಕು ಕೂರಿಗೆ ಹೊಲ,
ಮಕ್ಕಳು ಮೊಮ್ಮಕ್ಕಳ ತನಕ ನಡೆಸಿಕೊಡುವುದು.’
ಮರಳು ಉದುರಿಸಲೂ ಪುರಸೊತ್ತಿಲ್ಲ,
ಒದ್ದೆ ಮಸಿಯ ಮೇಲೆ ಯಾರದೋ ಹೆಬ್ಬೆರಳು.
ಓಲೆ ಹೊಳೆ ದಾಟಲಿಲ್ಲ.
ಜಟ್ಟೆಪ್ಪನನ್ನು ದಂಡೆಯ ಹುಣಸೆಗೆ ತೂಗಿದರು.

ಗಢ ಬಿತ್ತು. ಎರಡು ವರ್ಷ ಆ ಕೈ ಎಲ್ಲೂ ಇಲ್ಲ.
ಆಮೇಲೆ ಮಾಫಿಯ ಜಾಹೀರನಾಮೆ, ವಕೀಲಿ ಸನದು,
ಗೆದ್ದವರ ಮುನಸೀಫನ ಮುಂದೆ ಹೊಸ ರುಮಾಲು.

ಎರಡನೆಯ ಕಟ್ಟು. ದ್ಯಾಮವ್ವ ಕೋಂ ಜಟ್ಟೆಪ್ಪ, ವಾದಿ.
ಕೈ ಹೋಲಿಸಿ ನೋಡಿರೆಂದು ಅವಳೇ
ಎತ್ತು ಕಳಕೊಂಡ ಊರೂರು ತಿರುಗಿ
ಹಳೆಯ ಹುಕುಮುಗಳನ್ನು ಬೇಡಿ ತಂದಿದ್ದಳು.
ಹೊಲ ನುಂಗಿದ ಸಾವುಕಾರನ ವಕೀಲ: ಗುಂಡೋಪಂತ.
‘ವಾದಿಯ ಚೀಟಿ ಬನಾವಟಿ.
ಬರೆದವರು ಯಾರೆಂದು ಪ್ರತಿವಾದಿಗಾಗಲಿ
ವಕೀಲರಿಗಾಗಲಿ ತಿಳಿಯದು.’
ಆ ಸಾಲಿನಲ್ಲೇ ಮೂರು ರಕಾರ,
ಮೂರೂ ಬಾಲ ಎತ್ತಿ ನಿಂತಿವೆ.

ಮುನಸೀಫ ನೋಡಲಿಲ್ಲ.
ಅಥವಾ ನೋಡಿ, ಕನ್ನಡಕ ತೆಗೆದಿಟ್ಟ.
ದಾವೆ ವಜಾ, ಖರ್ಚು ಸಹಿತ.

ಮುಂದಿನ ವರ್ಷಗಳ ಅವನ ಕಾಗದ
ಬೇರೆ ದಫ್ತರಗಳಲ್ಲಿ ಕಂಡಿದ್ದೇನೆ.
ಬರಹವೆಲ್ಲ ಕಾರಕೂನನದು. ಸಹಿಯೊಂದು ಅವನದು:
ತೊರಗಲ್ಲದ ರಕಾರಕ್ಕೆ ಬಾಲವೇ ಇಲ್ಲ.
ನಾಚಿಕೆಯೋ, ಜಾಣತನವೋ,
ಮಸಿ ಅಷ್ಟು ದೂರ ಹೇಳುವುದಿಲ್ಲ.

‘ಏನ್ ಬರದೈತ್ರಿ?’ ಅಂದಳು. ಓದಿ ಹೇಳಿದೆ.
‘ಹಂಗಾರ ಹೊಲ ನಮ್ದ ಇತ್ತೇನ್ರಿ?’
‘ಕಾಗದದಾಗ ಇದ್ದದ್ದಷ್ಟ ನಾ ಹೇಳಾಂವ’ ಅಂದೆ.

ದೃಢೀಕರಣದ ನಮೂನೆಯಲ್ಲಿ
ಭಾಷೆಗೆ, ಪುಟಕ್ಕೆ, ತಾರೀಖಿಗೆ ಕಾಲಂ ಇದೆ.
ಚೀಟಿ ಬರೆದವರ ಹೆಸರಿನ ಮುಂದೆ
ನಾಳೆ ಸಾಕ್ಷಿಗೆ ಕರೆಸಿಯಾರೆಂದು
‘ತಿಳಿಯದು’ ಎಂದು ಟೈಪು ಮಾಡಿ
ಮೊಹರು ಒತ್ತಿದೆ.

ಹರಿದದ್ದಕ್ಕೆ ಹಿಡಿಯುವ ಐವತ್ತನ್ನು
ಅವಳಿಗೆ ಬಿಟ್ಟೆ.